ಸ್ಪಷ್ಟನೆ: ವರದಿಯಲ್ಲಿ ಕಾಣದಿದ್ದರೆ ಎಚ್‌ಐವಿ ಹೋಯಿತು ಎಂದಲ್ಲ

‘ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ) ವರದಿಯಲ್ಲಿ ಪತ್ತೆಯಾಗಿಲ್ಲ ಎಂದು ಬಂದರೆ ಎಚ್‌ಐವಿ ವಾಸಿಯಾದಂತೆ, ಮಾತ್ರೆ ನಿಲ್ಲಿಸಬಹುದು, ಬಿಡದೆ ನುಂಗಿದರೆ ವೈರಸ್ ಮದ್ದಿಗೆ ಒಗ್ಗಿಹೋಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದೆಲ್ಲ ತಪ್ಪು. ಮದ್ದಿಗೆ ಒಗ್ಗಿಹೋಗುತ್ತದೆ ಎಂಬುದಂತೂ ನಿಜವನ್ನು ತಲೆಕೆಳಗು ಮಾಡಿದೆ.

ಈ ಪರೀಕ್ಷೆ ಎಣಿಸುವುದು ಪ್ಲಾಸ್ಮಾದಲ್ಲಿರುವ (ರಕ್ತದ ದ್ರವಭಾಗದಲ್ಲಿರುವ) ವೈರಸ್‌ನ ಆರ್‌ಎನ್‌ಎಯನ್ನು, ಅಂದರೆ ಅದರ ಆನುವಂಶಿಕ ವಸ್ತುವನ್ನು ಮಾತ್ರ. ಸಾಮಾನ್ಯವಾಗಿ ಅದರ ಮಿತಿ ಮಿಲಿಲೀಟರ್‌ಗೆ 20ರಿಂದ 50 ಆರ್‌ಎನ್‌ಎ ಪ್ರತಿಗಳು; ಅದಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಕಾಣದು. ಆದರೆ ಎಚ್‌ಐವಿ ಸಿಡಿ4 ಎಂಬ ರೋಗನಿರೋಧಕ ಜೀವಕೋಶದ ಡಿಎನ್‌ಎಯೊಳಗೇ ತನ್ನ ನಕಲನ್ನು ಸೇರಿಸಿಬಿಟ್ಟಿರುತ್ತದೆ. ಅಂಥ ಕೋಶ ಸುಪ್ತವಾಗಿರುವಷ್ಟು ಕಾಲ ಈ ಪರೀಕ್ಷೆಗೂ ಸಿಗದು, ಮದ್ದಿಗೂ ಸಿಗದು. ಮಾತ್ರೆ ಬಿಟ್ಟರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ತಲೆಯೆತ್ತುತ್ತದೆ.

ಮದ್ದಿಗೆ ಪ್ರತಿರೋಧ, ಅಂದರೆ ವೈರಸ್ ಮದ್ದಿಗೆ ಜಗ್ಗದಿರುವುದು, ಹುಟ್ಟುವುದು ವೈರಸ್ ನಕಲಾಗುವಾಗ. ನಕಲು ಮಾಡುವ ಅದರ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವಕ್ಕೆ ತನ್ನ ತಪ್ಪು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಆ ಕಿಣ್ವದ 184ನೇ ಸ್ಥಾನದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಬಂದರೆ ಸಾಕು, ಲ್ಯಾಮಿವುಡಿನ್ ಎಂಬ ಎಚ್‌ಐವಿ ಮದ್ದಿನ ಬಲ ಬಹುಪಾಲು ಕುಂದುತ್ತದೆ. ಮಾತ್ರೆ ಬಿಡದೆ ನುಂಗಿ ನಕಲಾಗುವುದೇ ನಿಂತಿದ್ದರೆ ಇಂಥ ತಪ್ಪಿಗೆ ಎಡೆಯೆಲ್ಲಿ? ಅರ್ಧಂಬರ್ಧ ನುಂಗಿದಾಗಲೇ ತೊಂದರೆ. ಎಫಾವಿರೆಂಜ್ ಎಂಬ ಮದ್ದು ಇರುವ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಜೊತೆಯ ಮದ್ದುಗಳು ಮೊದಲೇ ಇಳಿದು, ಅದೊಂದೇ ವಾರಕ್ಕೂ ಹೆಚ್ಚು ರಕ್ತದಲ್ಲಿ ಉಳಿಯಬಹುದು. ಒಂಟಿ ಮದ್ದನ್ನು ಮೀರುವುದು ವೈರಸ್‌ಗೆ ಸುಲಭ.

ವೈರಸ್ ಯಾವ ಮದ್ದಿಗೆ ಜಗ್ಗದು ಎಂದು ನೋಡುವ ಪ್ರತಿರೋಧ ಪರೀಕ್ಷೆಗೆ ರಕ್ತವನ್ನು ಮಾತ್ರೆ ನಡೆಯುತ್ತಿರುವಾಗಲೇ, ಇಲ್ಲವೇ ಬಿಟ್ಟ 4 ವಾರದೊಳಗೆ ಕೊಡಬೇಕು. ತಡವಾದರೆ ರೂಪಾಂತರವಾಗದ ಮೂಲ ತಳಿ ಮೇಲುಗೈ ಪಡೆಯುತ್ತದೆ. ಈ ಪರೀಕ್ಷೆಯಲ್ಲಿ ಜೀನ್ ಅಕ್ಷರಗಳನ್ನು ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್ ವಿಧಾನ ಒಟ್ಟು ವೈರಸ್‌ನಲ್ಲಿ ಸುಮಾರು ಶೇ 20ಕ್ಕಿಂತ ಕಡಿಮೆಯಿರುವ ತಳಿಯನ್ನು ಗುರುತಿಸದು. ವರದಿ ‘ಪ್ರತಿರೋಧವಿಲ್ಲ’ ಎನ್ನುತ್ತದೆ, ರೂಪಾಂತರವಾದ ತಳಿ ಕೋಶದೊಳಗೆ ಉಳಿದೇ ಇರುತ್ತದೆ.