ಹೊಳೆ ಬದಿಗೆ ಸ್ಪೀಕರ್ ಯಾಕೆ ತರ್ತೀರಿ?

ನಿನ್ನೆ ರಾತ್ರಿಯೇ ಬರೆಯಲು ಕೂತೆ. ಬರೀ ಬೈಗುಳವೇ ಆಗುತ್ತಿದೆ ಅನ್ನಿಸಿ ಎದ್ದೆ. ಇವತ್ತೂ ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತೇನೆ.

ಅಡಿಕೆ ಕೊನೆಕೊಯ್ಲಿನ ನಡುವೆ ಸಿಕ್ಕಿದ್ದು ಒಂದೇ ಭಾನುವಾರ. ಅಣ್ಣನ ಮಗಳು ಬೆಂಗಳೂರಿಂದ ಬಂದಿದ್ದಳು, ಹತ್ತು ವರ್ಷದವಳು. ರಕ್ತ ಹೀರುವ ಉಣುಗಿನ (ಉಣ್ಣೆಹುಳದ) ಕಾಲ ಶುರುವಾಗೋ ಮೊದಲು ಒಂದು ದಿನ ಕಾಡಲ್ಲಿ ನಡೆಸಬೇಕು ಅಂತ ಅರಣ್ಯ ಇಲಾಖೆಯ ಗಾರ್ಡಿಗೆ ಹೇಳಿ, ಆಗುಂಬೆ ಕಡೆ ಮಾಲತಿ ಹೊಳೆಗುಂಟ ಕರೆದುಕೊಂಡು ಹೋದೆ. ಜಾಗ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ. ಬುತ್ತಿಗೆ ಅಕ್ಕಿರೊಟ್ಟಿ, ಉಂಬಳಕ್ಕೆ (ಜಿಗಣೆಗೆ) ಸುಣ್ಣ.

ವಾಟೆ ಬಿದಿರಿನ ಮಟ್ಟಿ ದಾಟಿದ ಮೇಲೆ ನೀರಿಗೆ ಚಾಚಿದ ಒಂದು ಹಾಸುಬಂಡೆ ಇದೆ. ಅದರ ಮೇಲೆ ನೀರುನಾಯಿಯ ಹಿಕ್ಕೆ ಬಿದ್ದಿತ್ತು, ಇನ್ನೂ ಹಸಿ. ಮೀನಿನ ಕಮಟು ವಾಸನೆ. ಮಗು ಮೂಗು ಮುಚ್ಚಿಕೊಂಡೇ ಕಡ್ಡಿಯಲ್ಲಿ ಕೆದಕಿ, "ಚಿಕ್ಕಪ್ಪಾ, ಇದ್ರಲ್ಲಿ ಏಡಿ ಕಾಲಿದೆ!" ಅಂತ ಕೂಗಿದಳು. ಆಮೇಲೆ ತಾನೇ ಬಾಯಿ ಮುಚ್ಚಿಕೊಂಡಳು. ಇಬ್ಬರೂ ಮರದ ಬುಡದಲ್ಲಿ ಕೂತೆವು. ಮುಕ್ಕಾಲು ಗಂಟೆ ಆ ಹುಡುಗಿ ಕದಲಲಿಲ್ಲ. ತಲೆಯ ಮೇಲೆ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಹಾರಿಹೋಯಿತು. ಅದರ ರೆಕ್ಕೆಯ ಬುಡದ ಗರಿಗಳ ಸಂದಿಯಲ್ಲಿ ಗಾಳಿ ನುಗ್ಗುವುದರಿಂದ ಹಾರುವಾಗ ಉಗಿಬಂಡಿಯ ಹಾಗೆ ಸದ್ದು ಬರುತ್ತದೆ. ಅವಳು ನನ್ನ ಕೈ ಹಿಡಿದುಕೊಂಡಳು. ಕೆಳಗಿನ ತಿರುವಲ್ಲಿ 'ಕೀಂ' ಅಂತ ಒಂದು ಸಣ್ಣ ದನಿ ಕೇಳಿತು. ನೀರುನಾಯಿಗಳು ಬಂದವು ಅಂದುಕೊಂಡೆ.

ಅಷ್ಟರಲ್ಲಿ ಢಂ ಢಂ ಅಂತ ಸಿನಿಮಾ ಹಾಡು. ಏಳೆಂಟು ಹುಡುಗರು, ಒಬ್ಬನ ಬ್ಯಾಗಿಗೆ ಸ್ಪೀಕರ್ ನೇತುಹಾಕಿತ್ತು. ಮುಗಿಯಿತು.

ಸಣ್ಣ ಮಾಡ್ರಪ್ಪಾ ಅಂತ ಮರ್ಯಾದೆಯಿಂದಲೇ ಕೇಳಿದೆ. "ಕಾಡು ಎಲ್ಲರದ್ದೂ ಅಲ್ವಾ ಅಂಕಲ್? ಸದ್ದು ಮಾಡಿದ್ರೆ ಪ್ರಾಣಿ ಹತ್ರ ಬರಲ್ಲ, ನಮಗೂ ಸೇಫ್" ಅಂದ ಒಬ್ಬ.

ಈ ಮಾತಿಗೆ ಅಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಇಲ್ಲಿ ಕೊಡುತ್ತೇನೆ. ಸದ್ದು ನಾವೂ ಮಾಡುತ್ತೇವೆ. ತಿರುವಿಗೆ ಬಂದಾಗ ಕೆಮ್ಮುತ್ತೇವೆ, ಕೂ ಹಾಕುತ್ತೇವೆ. ಆದರೆ ಕೂ ಹಾಕಿ ಒಂದು ಕ್ಷಣ ನಿಲ್ಲುತ್ತೇವೆ. ಕಾಟಿ (ಕಾಡುಕೋಣ) 'ಭುಸ್' ಅಂದಿತೋ, ಮುಸಿಯ (ಕರಿಮೂತಿಯ ಕೋತಿ) ಮರದಿಂದ ಎಚ್ಚರಿಸಿತೋ ಕೇಳಿಸಿಕೊಂಡು ಮುಂದಿನ ಹೆಜ್ಜೆ ಇಡುತ್ತೇವೆ. ನಮ್ಮ ಕಾಡಲ್ಲಿ ಹತ್ತು ಮಾರು ಆಚೆಗೆ ಕಣ್ಣು ಕೆಲಸ ಮಾಡುವುದಿಲ್ಲ, ಅಲ್ಲಿಂದಾಚೆ ಕಿವಿಯೇ ಗತಿ. ಸ್ಪೀಕರ್ ಹಾಕಿಕೊಂಡವನು ಕಿವಿಯನ್ನು ತಾನೇ ಮುಚ್ಚಿಕೊಂಡಿರುತ್ತಾನೆ. ಅದನ್ನು ಸೇಫ್ ಅನ್ನುತ್ತಾನಲ್ಲ!

ಹೊಳೆಯ ವಿಷಯವೂ ಅಷ್ಟೇ. ಅಜ್ಜಯ್ಯ 1946ರ ಆಗಸ್ಟ್ ತಿಂಗಳ ಮಳೆ ಕಂಡವರು. ಆಗುಂಬೆಯಲ್ಲಿ ಆ ಒಂದೇ ತಿಂಗಳು 4,508 ಮಿ.ಮೀ. ಸುರಿದದ್ದು ದಾಖಲೆಯಲ್ಲಿದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೇಲೆ ಬೀಳುವ ಊರು ಅದು. ಘಟ್ಟದ ತಲೆಯ ಮೇಲೆ ಮಳೆ ಹೊಯ್ದರೆ ಕೆಳಗೆ ಬಿಸಿಲಿದ್ದಾಗಲೇ ನೀರು ಏರುತ್ತದೆ. "ಹೊಳೆ ಸ್ವರ ಬದಲಾದ್ರೆ ಏನು ಹಿಡಿದಿದ್ರೂ ಬಿಟ್ಟು ದಡಕ್ಕೆ ಬಾ" ಅನ್ನುತ್ತಿದ್ದರು.

ಮನೆಯಲ್ಲಿ ಇವತ್ತಿನವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಕಾಲೇಜಿನ ದಿನಗಳಲ್ಲಿ, ಒಂದು ಜೂನ್ ತಿಂಗಳು, ನಾವು ಮೂವರು ಹೊಳೆ ನಡುವಿನ ಬಂಡೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೆವು. ಆಚೆ ದಡದಿಂದ ದನ ಮೇಯಿಸುವ ಒಬ್ಬ ಮುದುಕರು ಕೂಗುತ್ತಲೇ ಇದ್ದರಂತೆ, ನಮಗೆ ಕೇಳಿಸಲಿಲ್ಲ. ಕೊನೆಗೆ ಅವರು ಕಂಬಳಿ ಬೀಸಿದ್ದು ಕಣ್ಣಿಗೆ ಬಿತ್ತು. ಅಷ್ಟೊತ್ತಿಗೆ ನೀರು ಕೆಂಪಾಗಿತ್ತು. ಮೂರನೆಯವನನ್ನು ದಡಕ್ಕೆ ಎಳೆದುಕೊಳ್ಳುವಾಗ ಅವನ ಎದೆಮಟ್ಟಕ್ಕೆ ಬಂದಿತ್ತು. ಕಂಬಳಿ ಕಾಣದೆ ಹೋಗಿದ್ದರೆ ಅನ್ನುವುದು ಈಗಲೂ ಕೆಲವು ರಾತ್ರಿ ನಿದ್ದೆ ಕೆಡಿಸುತ್ತದೆ. ಆ ಹುಡುಗರ ಮೇಲೆ ನನಗೆ ಬಂದ ಸಿಟ್ಟಲ್ಲಿ ಅರ್ಧ ಭಯ.

ಪ್ರವಾಸಿಗರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ, ಸುಮ್ಮನಿರು ಅಂತ ಹೋಮ್‌ಸ್ಟೇ ನಡೆಸುವ ಗೆಳೆಯರು ಫೋನಲ್ಲಿ ಹೇಳಿದರು. ಬರಲಿ, ಯಾರು ಬೇಡ ಅಂದರು? ಉಣ್ಣಲಿ, ಈಜಲಿ, ಮಲಗಲಿ. ಹಾಡು ಕೇಳಲು ಮನೆಯಿದೆ, ಕಾರಿದೆ. ನೀರುನಾಯಿಗೆ ಇರುವುದು ಆ ಹೊಳೆ ಒಂದೇ. ಬರುವವರಿಗೆ ರೂಮಿನ ಕೀಲಿ ಕೊಡುವಾಗಲೇ "ಸ್ಪೀಕರ್ ಇಲ್ಲೇ ಇಟ್ಟು ಹೋಗಿ" ಅಂತ ಒಂದು ಮಾತು ಹೇಳಿ ಅಂತ ಅವರನ್ನೇ ಕೇಳಿಕೊಂಡಿದ್ದೇನೆ. ಉಳಿದವರೂ ಹೇಳಿ, ಕೈಮುಗಿದು ಕೇಳುತ್ತೇನೆ.

ಹುಡುಗರು ಹೋದ ಮೇಲೂ ನಾವು ನಾಲ್ಕು ಗಂಟೆವರೆಗೆ ಅಲ್ಲೇ ಕೂತೆವು. ಬರಲಿಲ್ಲ. ಬಂಡೆ ಮೇಲಿನ ಹಿಕ್ಕೆ ಒಣಗಿ ಬಿಳಿಚಿಕೊಂಡಿತ್ತು. ಜೀಪ್ ಹತ್ತುವಾಗ ಮಗು, "ನಾವು ಮಾತಾಡಿದ್ದಕ್ಕೆ ಹೋದ್ವಾ ಚಿಕ್ಕಪ್ಪಾ?" ಅಂತ ಕೇಳಿದಳು. ಅಲ್ಲ ಪುಟ್ಟಿ ಅಂದೆ. ಮುಂದಿನ ರಜೆಗೆ ಅವಳನ್ನು ಬೆಳಕು ಹರಿಯುವ ಮೊದಲೇ ಅದೇ ಬಂಡೆಗೆ ಕರೆದುಕೊಂಡು ಹೋಗುತ್ತೇನೆ.