ಕಾರಣ ಆಮೇಲೆ, ಮರ ಮೊದಲು

2003ರ ಮಾರ್ಚ್ ತಿಂಗಳಿನಲ್ಲಿ ಎರಡು ಯುದ್ಧಗಳು ನಡೆದವು. ಒಂದು ಇರಾಕಿನಲ್ಲಿ. ಇನ್ನೊಂದು ಕೊಡಗಿನ ಗೋಣಿಕೊಪ್ಪಲಿನಿಂದ ನಾಲ್ಕು ಮೈಲಿ ಒಳಗೆ, ನಮ್ಮೂರಿನ ಒಂದು ಹಲಸಿನ ಮರದ ಮೇಲೆ. ಮೊದಲನೆಯದರ ಬಗ್ಗೆ ಬ್ರಿಟನ್ನಿನವರು ಏಳು ವರ್ಷ ವಿಚಾರಣೆ ನಡೆಸಿ 26 ಲಕ್ಷ ಪದಗಳ ವರದಿ ಬರೆದರು. ಎರಡನೆಯದರ ಬಗ್ಗೆ ಇದುವರೆಗೆ ಯಾರೂ ಒಂದು ಸಾಲನ್ನೂ ಬರೆದಿಲ್ಲ. ಮರಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದವರಲ್ಲಿ ನಾನೂ ಒಬ್ಬನಾದ್ದರಿಂದ ಆ ಕೆಲಸ ನನ್ನ ಪಾಲಿಗೇ ಬಿದ್ದಿದೆ.

ಶುರುವಾದದ್ದು ಕೋಳಿಯಿಂದ. ಕೆಳಮನೆಯ ಮಾವನ ಗೂಡಿಗೆ ಒಂದು ರಾತ್ರಿ ಪುನುಗು ಬೆಕ್ಕು ನುಗ್ಗಿತು. ತಿಂದದ್ದು ಒಂದೋ ಎರಡೋ, ಕತ್ತು ಕಡಿದು ಬಿಟ್ಟು ಹೋದದ್ದು ಹನ್ನೊಂದು. ಬೆಳಿಗ್ಗೆ ಮಾವ ಅವುಗಳನ್ನು ಒಂದೊಂದಾಗಿ ಎತ್ತಿ ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವರ ಕೈ ನಡುಗುತ್ತಿತ್ತು. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಊರಿಗೆ ಊರೇ ಅವರ ಬೆನ್ನಿಗೆ ನಿಂತಿತು. ಗೂಡಿನ ಹಿಂದಿನ ಲಂಟಾನದ ಪೊದೆಗೆ ಬೆಂಕಿ ಇಡುತ್ತೇನೆ ಎಂದಾಗ ನಾವೇ ಸೀಮೆಎಣ್ಣೆ ತಂದುಕೊಟ್ಟೆವು. ಒಬ್ಬರು ಅಜ್ಜಿ ಮಾತ್ರ, "ಹಚ್ಚುವುದು ಸುಲಭ ಮಗನೇ, ಎಲ್ಲಿ ಆರಿಸುತ್ತೀಯ ಅದನ್ನು ಮೊದಲು ಹೇಳು" ಎಂದರು. ಅಮೆರಿಕದ ಕೆಳಮನೆಯಲ್ಲೂ 2001ರ ಸೆಪ್ಟೆಂಬರ್ 14ರಂದು ಹೀಗೇ ಆಗಿತ್ತು. ಅವಳಿ ಕಟ್ಟಡಗಳು ಬಿದ್ದು ಮೂರು ದಿನವಾಗಿತ್ತು. ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಡಲು 420 ಮಂದಿ ಕೈ ಎತ್ತಿದರು, ಬೇಡ ಎಂದವರು ಬಾರ್ಬರಾ ಲೀ ಒಬ್ಬರೇ. ಆಕೆಗೆ ಕೊಲೆ ಬೆದರಿಕೆಗಳು ಬಂದವು. ನಮ್ಮ ಅಜ್ಜಿಗೆ ಅಷ್ಟೆಲ್ಲ ಆಗಲಿಲ್ಲ, ಎರಡು ವಾರ ಯಾರೂ ಅವರಿಗೆ ಎಲೆ ಅಡಿಕೆ ಕೊಡಲಿಲ್ಲ.

ಪೊದೆ ಸುಟ್ಟಿತು, ಬೆಕ್ಕು ಸಿಗಲಿಲ್ಲ. ಆಗ ಮಾವನ ಕಣ್ಣು ಮೇಲ್ಮನೆಯ ಅಜ್ಜನ ಹಲಸಿನ ಮರದ ಮೇಲೆ ಬಿತ್ತು.

ಮೇಲ್ಮನೆಯ ಅಜ್ಜ ಒಳ್ಳೆಯವರೇನಲ್ಲ. ತೋಡಿಗೆ ಕಲ್ಲು ಅಡ್ಡ ಇಟ್ಟು ಕೆಳಗಿನ ಗದ್ದೆಗಳನ್ನು ಒಣಗಿಸಿದವರು. ಬಿದ್ದ ಹಣ್ಣು ಹೆಕ್ಕಿದ ಮಕ್ಕಳ ಮೇಲೆ ನಾಯಿ ಬಿಟ್ಟವರು. ಆಳುಗಳ ಮೇಲೆ ಕೈ ಮಾಡುವವರು. ಅವರ ಮರ ಬಿದ್ದರೆ ಅಳುವವರು ಊರಿನಲ್ಲಿ ಯಾರೂ ಇರಲಿಲ್ಲ. ಬೆಕ್ಕಿಗೂ ಆ ಮರಕ್ಕೂ ಸಂಬಂಧವೇನು ಎಂದು ಕೇಳಿದರೆ, "ಹಾಗಾದರೆ ನೀನು ಬೆಕ್ಕಿನ ಕಡೆಯೋ?" ಎಂಬ ಪ್ರಶ್ನೆ ತಯಾರಿತ್ತು. ನಿಜ ಸಂಗತಿ ಬೇರೆ ಇತ್ತು. ಹಿಂದೆ ಯಾವುದೋ ಮಳೆಗಾಲದಲ್ಲಿ ಆ ಮರದ ಕೊಂಬೆ ಮುರಿದು ಮಾವನ ತಂದೆಯ ಜೀಪಿನ ಮೇಲೆ ಬಿದ್ದಿತ್ತು. ಅಪ್ಪ ತಪ್ಪಿಸಿಕೊಂಡಿದ್ದರು, ಜೀಪು ಹೋಯಿತು, ಮಗನ ಎದೆಯಲ್ಲಿ ಕೊಂಬೆ ಉಳಿಯಿತು. ಅಮೆರಿಕದ ಅಧ್ಯಕ್ಷ ಬುಷ್ ಅವರೂ 2002ರಲ್ಲಿ ಒಂದು ಸಭೆಯಲ್ಲಿ, ಈ ಸದ್ದಾಂ ನನ್ನ ತಂದೆಯನ್ನು ಕೊಲ್ಲಲು ನೋಡಿದವನು ಎಂದು ಬಾಯಿಬಿಟ್ಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆ. ಆ ಎಮ್ಮೆ ಹಿಂದೊಮ್ಮೆ ಅಪ್ಪನಿಗೆ ಹಾಯ್ದಿದ್ದರೆ ಬರೆಯ ಕಬ್ಬಿಣ ಇನ್ನಷ್ಟು ಬೇಗ ಕಾಯುತ್ತದೆ.

ಮರ ಕಡಿಯುವುದು ಎಂದು ತೀರ್ಮಾನವಾಯಿತು. ಉಳಿದದ್ದು ಕಾರಣ.

ಮೊದಲನೆಯ ಕಾರಣ, ಬೆಕ್ಕು ಆ ಮರದ ಪೊಟರೆಯಲ್ಲೇ ಇದೆ. ಪಂಚಾಯಿತಿ ಸದಸ್ಯರೊಬ್ಬರು ಟಾರ್ಚ್ ಹಿಡಿದು ಏಣಿ ಹತ್ತಿದರು. ಒಂದು ಹಳೆಯ ಕಾಗೆಗೂಡು, ಒಂದು ಹರಿದ ಗಾಳಿಪಟ ಸಿಕ್ಕವು. ಇನ್ನೂ ಮೂರು ಕೊಂಬೆ ನೋಡಬೇಕು, ಹದಿನೈದು ದಿನ ಕೊಡಿ ಎಂದರು. ಮಾವ ಅವರನ್ನು ಏಣಿಯಿಂದ ಇಳಿಸಿದರು. ವಿಶ್ವಸಂಸ್ಥೆಯ ಹಾನ್ಸ್ ಬ್ಲಿಕ್ಸ್ ಅವರೂ ಇರಾಕಿನಲ್ಲಿ ಸಮೂಹನಾಶಕ ಅಸ್ತ್ರ ಹುಡುಕಲು ಇನ್ನು ಕೆಲವು ತಿಂಗಳು ಬೇಕು ಎನ್ನುತ್ತಿದ್ದಾಗಲೇ ಅವರ ತಂಡ ಗಂಟು ಮೂಟೆ ಕಟ್ಟಬೇಕಾಯಿತು. ಮಾರ್ಚ್ 18ರಂದು ತಪಾಸಣೆಯವರು ಹೊರಟರು, 20ರಂದು ಬಾಂಬು ಬಿತ್ತು.

ಎರಡನೆಯದು ಸಾಕ್ಷ್ಯ. ಮಾವ ಒಂದು ಸಂಜೆ ಹಾರ್ಲಿಕ್ಸ್ ಬಾಟಲಿಯಲ್ಲಿ ಒಣಗಿದ ಹಿಕ್ಕೆ ತಂದು ಚಹಾ ಅಂಗಡಿಯ ಮೇಜಿನ ಮೇಲಿಟ್ಟರು. "ಮರದ ಬುಡದಲ್ಲಿ ಸಿಕ್ಕಿದ್ದು, ನೋಡಿ." ನೋಡಿದೆವು. ಹಿಕ್ಕೆಯಲ್ಲಿ ಕಾಫಿ ಬೀಜಗಳಿದ್ದವು. ಇಡೀ ಕೊಡಗಿನಲ್ಲಿ ಕಾಫಿ ಹಣ್ಣು ತಿನ್ನದ ಪ್ರಾಣಿ ಯಾವುದು, ಆ ಹಿಕ್ಕೆ ಬೀಳದ ಮರದ ಬುಡ ಯಾವುದು? (ಅದೇ ಹಿಕ್ಕೆಯನ್ನು ಈಗ ತೊಳೆದು ಹುರಿದು ಪುನುಗಿನ ಕಾಫಿ ಎಂದು ಮಾರುತ್ತಾರೆ. ಆ ಬಾಟಲಿಯನ್ನು ಇಟ್ಟುಕೊಳ್ಳದೆ ಮಾವ ಕೆಟ್ಟರು.) ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅವರು 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯಲ್ಲಿ ಚಿಕ್ಕ ಸೀಸೆ ಎತ್ತಿ ಹಿಡಿದು, ಒಂದು ಚಮಚ ಆಂಥ್ರಾಕ್ಸ್ ಪುಡಿ ಏನು ಮಾಡಬಲ್ಲದು ಎಂದು ವಿವರಿಸಿದಾಗಲೂ ಸೀಸೆ ನಿಜವೇ ಆಗಿತ್ತು. ಇರಾಕಿನಿಂದ ಬಂದದ್ದಾಗಿರಲಿಲ್ಲ, ಅಷ್ಟೇ.

ಬ್ರಿಟನ್ನಿನ ಕಡತದಲ್ಲಿ ಇನ್ನೊಂದು ಲೆಕ್ಕವಿತ್ತು. ಸದ್ದಾಂನ ಕೆಲವು ಅಸ್ತ್ರಗಳು ಆಜ್ಞೆಯಾದ 45 ನಿಮಿಷಗಳಲ್ಲಿ ಸಿದ್ಧವಾಗಬಲ್ಲವಂತೆ. ಮಾವನ ಲೆಕ್ಕ ಅದಕ್ಕಿಂತ ಖಚಿತ, ಹಲಸಿನ ಕೊಂಬೆಯಿಂದ ಕೋಳಿಗೂಡಿಗೆ ನಾಲ್ಕೂವರೆ ನಿಮಿಷ. ಯಾರು ಅಳೆದರು ಎಂದು ನಾನು ಕೇಳಲಿಲ್ಲ. ಕಡಿದ ಮರದಲ್ಲಿ ಎರಡು ಹಲಗೆ ಕೊಡುತ್ತೇನೆ ಎಂದು ಮಾವ ಅಷ್ಟರಲ್ಲಿ ನನ್ನ ಕಿವಿಯಲ್ಲಿ ಹೇಳಿಯಾಗಿತ್ತು, ನಮ್ಮ ಕೊಟ್ಟಿಗೆಗೆ ಬಾಗಿಲಿರಲಿಲ್ಲ.

ಚಹಾ ಅಂಗಡಿಯಲ್ಲಿ ಎರಡು ಬೆಂಚುಗಳು. ಗೋಡೆಯ ಕಡೆಯದು ಯುದ್ಧ ಬೇಕು ಎನ್ನುವವರದು, ರಸ್ತೆಯ ಕಡೆಯದು ಬೇಡ ಎನ್ನುವವರದು. ಇರಾಕ್ ಎಲ್ಲಿದೆ ಎಂಬುದು ಮುಖ್ಯವಾಗಿರಲಿಲ್ಲ. ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಯಾರ ಜೀಪಿನಲ್ಲಿ ಕುಳಿತಿದ್ದೆ ಎಂಬುದು ಮುಖ್ಯ. ಇವರು ಬೇಕು ಎಂದ ಮೇಲೆ ಅವರು ಬೇಡ ಎನ್ನಲೇಬೇಕು. ಸಮೂಹನಾಶಕ ಅಸ್ತ್ರ ಮನೆಯಲ್ಲಿಟ್ಟುಕೊಂಡವನ ಮೇಲೆ ಮೊದಲೇ ದಾಳಿ ಮಾಡುವುದು ನ್ಯಾಯ ಎಂದು ಗೋಡೆಯ ಬೆಂಚಿನವರೊಬ್ಬರು ಗುಡುಗಿದಾಗ ಒಂದು ಕ್ಷಣ ಮೌನ ಕವಿಯಿತು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಊರು ಇದು. ಎರಡೂ ಬೆಂಚುಗಳವರು ತಮ್ಮ ತಮ್ಮ ಅಟ್ಟವನ್ನು ನೆನೆದುಕೊಂಡಂತೆ ಕಂಡಿತು.

ಮಾತನಾಡದವರು ಸುಬೇದಾರರು ಒಬ್ಬರೇ. ಎರಡು ಯುದ್ಧ ನೋಡಿದವರು, ಬಾಗಿಲಿನ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದರು. "ಸುಬೇದಾರರೇ, ನಿಮ್ಮ ಅಭಿಪ್ರಾಯ?" ಎಂದು ಯಾರೋ ಕೆಣಕಿದರು. ಅವರು ಲೋಟ ಕೆಳಗಿಟ್ಟು, "ಸಿಪಾಯಿಗೆ ಮೊದಲು ತಿಳಿಯುವುದು ರಜೆ ರದ್ದಾಗಿದೆ ಎಂದು. ಆಮೇಲೆ ಯಾವ ರೈಲು ಎಂದು. ಯುದ್ಧ ಯಾಕೆ ಎಂಬುದನ್ನು ಪಿಂಚಣಿ ಬಂದ ಮೇಲೆ ಪೇಪರಿನಲ್ಲಿ ಓದಿಕೊಳ್ಳಬೇಕು" ಎಂದರು. ಅದೇ ವರ್ಷ, ಇರಾಕಿಗೆ ನಮ್ಮ ಸೈನಿಕರನ್ನೂ ಕಳುಹಿಸಿ ಎಂದು ಅಮೆರಿಕ ಕೇಳಿದಾಗ ಮಾತ್ರ ಅವರ ದನಿ ಏರಿತ್ತು. "ನಮ್ಮ ಜನರಲ್ ತಿಮ್ಮಯ್ಯನವರು 1965ರಲ್ಲಿ ಸೈಪ್ರಸ್‌ನಲ್ಲೇ ಪ್ರಾಣ ಬಿಟ್ಟರು. ಅವರ ಕೈಯಲ್ಲಿ ವಿಶ್ವಸಂಸ್ಥೆಯ ಕಾಗದವಿತ್ತು. ಇದಕ್ಕೆ ಕಾಗದ ಎಲ್ಲಿದೆ?" ಜುಲೈನಲ್ಲಿ ವಾಜಪೇಯಿ ಸರ್ಕಾರವೂ ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೇನೆ ಕಳುಹಿಸುವುದಿಲ್ಲ ಎಂದಿತು. ಸುಬೇದಾರರು ಅಂದು ಎರಡು ಚಹಾ ಕುಡಿದರು.

ದೆಹಲಿಯವರ ಬಗ್ಗೆ ಹೊಗಳಿಕೆ ಇಷ್ಟೇ. ಏಪ್ರಿಲ್‌ನಲ್ಲಿ ಲೋಕಸಭೆಯಲ್ಲಿ ನಡೆದದ್ದು ಬೇರೆ ಕಥೆ. ಯುದ್ಧವನ್ನು ಖಂಡಿಸಬೇಕು ಎಂದು ವಿರೋಧ ಪಕ್ಷಗಳು, ಅಷ್ಟು ಖಾರ ಬೇಡ ಎಂದು ಸರ್ಕಾರ. ಕೊನೆಗೆ ಹಿಂದಿಯ 'ನಿಂದಾ' ಎಂಬ ಪದ ಸಿಕ್ಕಿತು. ಖಾರ ಬೇಕಾದವರು ಅದನ್ನು ಖಂಡನೆ ಎಂದು ಓದಿಕೊಂಡರು, ಬೇಡವಾದವರು ಇಂಗ್ಲಿಷಿನಲ್ಲಿ ವಿಷಾದ ಎಂದು ಓದಿಕೊಂಡರು. 8ರಂದು ಸದನ ಒಮ್ಮತದಿಂದ ಪದ ಆರಿಸಿತು. 9ರಂದು ಬಾಗ್ದಾದಿನಲ್ಲಿ ಸದ್ದಾಂನ ಪ್ರತಿಮೆ ಬಿತ್ತು. ಊರು ಸೂರೆಯಾದ ಮೇಲೆ ಕೋಟೆ ಬಾಗಿಲಿಗೆ ಬಣ್ಣ ಯಾವುದು ಎಂದು ಕೇಳಿದಂತೆ.

ಪದಗಳ ಮೇಲಿನ ಈ ಪರಾಕ್ರಮ ನಮಗೊಬ್ಬರಿಗೇ ಸೀಮಿತವಲ್ಲ. ಫ್ರಾನ್ಸ್ ಯುದ್ಧ ಬೇಡ ಎಂದದ್ದಕ್ಕೆ ಅಮೆರಿಕದ ಸಂಸದರ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಹೆಸರನ್ನು ಫ್ರೀಡಂ ಫ್ರೈಸ್ ಎಂದು ಬದಲಿಸಿದರು. ಆಗ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. 2025ರ ಮೇ ತಿಂಗಳಿನಲ್ಲಿ ಜೈಪುರದ ಅಂಗಡಿಯವರು ಮೈಸೂರು ಪಾಕ್ ಅನ್ನು 'ಮೈಸೂರು ಶ್ರೀ' ಮಾಡಿದಾಗ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಸಕ್ಕರೆ ಪಾಕವೂ ಗಡಿ ದಾಟಿ ಬಂದದ್ದು ಎಂದು ನಮಗೆ ತಿಳಿದಿರಲಿಲ್ಲ.

ಮರದ ಕಥೆಗೆ ಬರೋಣ. ಮೂರನೆಯ ಕಾರಣ ಆನೆ. ಹಲಸು ಹಣ್ಣಾದರೆ ಆನೆ ಬರುತ್ತದೆ, ಇದು ಮಾತ್ರ ಸತ್ಯ. ಆದರೆ ಆಗಿನ್ನೂ ಮಾರ್ಚ್, ಮರದಲ್ಲಿದ್ದದ್ದು ಮುಷ್ಟಿ ಗಾತ್ರದ ಕಾಯಿ. ನಾಲ್ಕನೆಯದು ನೆರಳು. ಆ ಮರದಡಿಯ ಕಾಫಿ ಗಿಡಗಳು ಮೂವತ್ತು ವರ್ಷದಿಂದ ಕತ್ತಲೆಯಲ್ಲಿ ನರಳುತ್ತಿವೆ, ಅವುಗಳಿಗೆ ಬಿಡುಗಡೆ ಬೇಕು. ಗಿಡಗಳು ಅಜ್ಜನವು, ಅವು ಮಾವನಿಗೆ ಅರ್ಜಿ ಕೊಟ್ಟಿರಲಿಲ್ಲ. "ಇಷ್ಟೊಂದು ಕಾರಣ ಯಾಕೆ ಮಾವ?" ಎಂದು ಕೇಳಿದೆ. ಅವರು ತಗ್ಗಿದ ದನಿಯಲ್ಲಿ, "ಕುಟುಂಬದಲ್ಲಿ ಒಬ್ಬನಿಗೆ ಆನೆ ಭಯ, ಒಬ್ಬನಿಗೆ ನಾಟಾದ ಆಸೆ, ಒಬ್ಬನಿಗೆ ಅಜ್ಜನ ಮೇಲೆ ಹಗೆ. ಎಲ್ಲರೂ ತಲೆ ಆಡಿಸುವುದು ಕೋಳಿಗೆ ಮಾತ್ರ. ಅದಕ್ಕೇ ಬೆಕ್ಕನ್ನು ಮುಂದಿಟ್ಟೆ" ಎಂದರು. ಎರಡು ತಿಂಗಳ ನಂತರ ಪೆಂಟಗನ್‌ನ ಉಪಮುಖ್ಯಸ್ಥ ಪಾಲ್ ವುಲ್ಫೊವಿಟ್ಜ್ ಒಂದು ಸಂದರ್ಶನದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಆಡಳಿತದ ಒಳಗಿನ ಕಾರಣಗಳಿಗಾಗಿ, ಎಲ್ಲರೂ ಒಪ್ಪಬಹುದಾದ ಒಂದೇ ವಿಷಯವಾದ ಸಮೂಹನಾಶಕ ಅಸ್ತ್ರಗಳನ್ನು ಆರಿಸಿಕೊಂಡೆವು ಎಂದು. ಮಾವ ಓದಿದ್ದು ಏಳನೆಯ ತರಗತಿ.

ಹೂಮಳೆ ಬಿದ್ದು, ತೋಟವೆಲ್ಲ ಬಿಳಿ ಹೂವಾಗಿ ಮಲ್ಲಿಗೆಯಂಥ ವಾಸನೆ ಹಬ್ಬಿದ್ದ ಬೆಳಿಗ್ಗೆ ಮರ ಉರುಳಿತು. ಬಿದ್ದದ್ದು ಬಿಡುಗಡೆಯಾಗಬೇಕಿದ್ದ ಕಾಫಿ ಗಿಡಗಳ ಮೇಲೆ. ಹೂವು ಹೊತ್ತ ಗಿಡಗಳು ನೆಲಕ್ಕೆ ಒರಗಿದವು, ಮುರಿದ ಕೊಂಬೆಗಳಿಂದ ಹಾಲಿನಂಥ ಹಲಸಿನ ಅಂಟು ಸುರಿದು ಬಿಳಿ ಹೂವಿನ ಮೇಲೆ ಹರಿಯಿತು. ಮಾವ ಬೊಡ್ಡೆಯ ಮೇಲೆ ನಿಂತು ಕೆಲಸ ಮುಗಿಯಿತು ಎಂದರು. ಅಂಟು ನನ್ನ ಅಂಗೈಯಲ್ಲಿ ವಾರವಿಡೀ ಉಳಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಪೊಟರೆಯಲ್ಲಿ ಬೆಕ್ಕು ಇರಲಿಲ್ಲ.

ಬೆಕ್ಕು ಸಿಕ್ಕಿದ್ದು ಬಹಳ ಆಮೇಲೆ, ಮಾವನ ಭಾವನ ಮನೆಯ ಅಟ್ಟದಲ್ಲಿ, ಕರಿಮೆಣಸಿನ ಮೂಟೆಗಳ ಹಿಂದೆ, ಮರಿಗಳೊಂದಿಗೆ. ಗರಗಸ ಕೊಟ್ಟವರು ಅದೇ ಭಾವ. ರಾತ್ರಿ ಬೆಕ್ಕು ಕಾಯುವ ಖರ್ಚು ಎಂದು ಮಾವನಿಂದ ತಿಂಗಳು ತಿಂಗಳು ಹಣ ಪಡೆದವರೂ ಅವರೇ. ತಮಗೆ ಏನೂ ಗೊತ್ತಿರಲಿಲ್ಲ ಎಂದು ತಲೆಕಾವೇರಿಯ ಮೇಲೆ ಆಣೆ ಇಟ್ಟರು. 2011ರ ಮೇ 2ರಂದು ಒಸಾಮಾ ಬಿನ್ ಲಾಡೆನ್ ಅಬೋಟಾಬಾದಿನಲ್ಲಿ, ಪಾಕಿಸ್ತಾನದ ಸೇನಾ ಅಕಾಡೆಮಿಯ ಮಗ್ಗುಲಲ್ಲೇ ಸಿಕ್ಕಿದ ಸುದ್ದಿ ಬಂದಾಗ ಚಹಾ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಭಾವನ ಕಡೆ ತಿರುಗಿದ್ದರು.

ಮರ ಹೋದ ಮೇಲಿನ ಮಳೆಗಾಲದಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಮುಂಚೆ ಅಜ್ಜನ ಹಲಸಿನ ಬುಡದಲ್ಲೇ ಹೊಟ್ಟೆ ತುಂಬಿಸಿಕೊಂಡು ಕಾಡಿಗೆ ಹಿಂದಿರುಗುತ್ತಿದ್ದ ಆನೆಗಳು ಈಗ ನಿಲ್ಲಲು ಜಾಗವಿಲ್ಲದೆ ನೇರ ಮಾವನ ಬಾಳೆಗೆ ಬಂದವು. ಆಮೇಲೆ ನಮ್ಮ ಗದ್ದೆಗೆ.

ಬೆಂಚುಗಳ ವಿಷಯ. ಇರಾಕಿನಲ್ಲಿ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ಅಮೆರಿಕದವರೇ ಕಳುಹಿಸಿದ ತನಿಖಾ ತಂಡ 2004ರಲ್ಲಿ ವರದಿ ಕೊಟ್ಟಿತು. ಅಲ್ಲಿಂದ ಒಬ್ಬೊಬ್ಬರೇ ಗೋಡೆಯ ಕಡೆಯಿಂದ ಎದ್ದು ರಸ್ತೆಯ ಕಡೆ ಸರಿದರು. ಅಮೆರಿಕದಲ್ಲೂ ಆ ವರ್ಷ ಅಧ್ಯಕ್ಷ ಪದವಿಗೆ ನಿಂತಿದ್ದ ಜಾನ್ ಕೆರ್ರಿ ಅವರು ಯುದ್ಧದ 87 ಶತಕೋಟಿ ಡಾಲರಿನ ಮಸೂದೆಗೆ, ವಿರುದ್ಧ ಮತ ಹಾಕುವ ಮೊದಲು ಪರವಾಗಿ ಮತ ಹಾಕಿದ್ದೆ ಎಂದು ಹೇಳಿ ಆ ಚುನಾವಣೆಯಲ್ಲಿ ಹೆಸರಾದರು. ಇವತ್ತು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ, ತಾವು ಆ ದಿನಗಳಲ್ಲಿ ರಸ್ತೆಯ ಬೆಂಚಿನಲ್ಲೇ ಕುಳಿತಿದ್ದೆವು ಎನ್ನುತ್ತಾರೆ. ಅಷ್ಟು ಜನ ಕುಳಿತಿದ್ದರೆ ಆ ಬೆಂಚು ಅಂದೇ ಮುರಿಯಬೇಕಿತ್ತು. ಮುರಿದಿಲ್ಲ, ಹೋಗಿ ನೋಡಿ.

ಮಾವ ಈಗ ಹೋಂಸ್ಟೇ ನಡೆಸುತ್ತಾರೆ. ಮೊನ್ನೆ ಊಟಕ್ಕೆ ಕರೆದಿದ್ದರು. ಕಡಂಬುಟ್ಟು, ಹಂದಿಮಾಂಸದ ಸಾರು, ಹತ್ತು ಜನ ಕೂರುವ ಹಳದಿ ಬಣ್ಣದ ಹಳೆಯ ಮೇಜು. ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಮೇಜನ್ನು ಸವರುತ್ತ ಇದು ಯಾವ ಮರ ಎಂದು ಕೇಳಿದರು.

"ಹಲಸು. 2018ರ ಮಹಾಮಳೆಗೆ ಬಿದ್ದದ್ದು. ಪಾಪ, ಅಜ್ಜನ ಕಾಲದ ಮರ" ಎಂದರು ಮಾವ, ಕಣ್ಣು ಒದ್ದೆ ಮಾಡಿಕೊಂಡು.

ಅತಿಥಿ ನನ್ನ ಕಡೆ ನೋಡಿದರು. ನಮ್ಮ ಕೊಟ್ಟಿಗೆಯ ಬಾಗಿಲು ಇಪ್ಪತ್ತು ವರ್ಷದಿಂದ ಗಟ್ಟಿಯಾಗಿದೆ. "ಹೌದು, ಆ ವರ್ಷ ಭಾರಿ ಮಳೆ" ಎಂದು ನಾನು ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡೆ.