ಗಿಟಾರಿಗೆ ಸ್ಟೀಲ್ ಫ್ರೆಟ್ ಹಾಕಿದರೆ ಸೌಂಡ್ ಕೆಡುತ್ತದೆ ಅಂದವರು ಒಮ್ಮೆ ನುಡಿಸಿ ನೋಡಿದ್ದಾರಾ?

ನಿನ್ನೆಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದು ಹಾಕಿದರೆ ರಾತ್ರಿ ನಿದ್ದೆಯಾದರೂ ಬರಬಹುದು ಅಂತ ಕೂತಿದ್ದೇನೆ. ಗಿಟಾರ್ ಗೀಳು ಇಲ್ಲದವರೂ ಸ್ವಲ್ಪ ತಾಳ್ಮೆಯಿಂದ ಓದಿ.

ನನ್ನ ಹತ್ತಿರ ಎರಡು ವರ್ಷದಿಂದ ಕಲಿಯುತ್ತಿರುವ ಅರಸೀಕೆರೆಯ ಹುಡುಗ ನಿನ್ನೆ ಮನೆಗೆ ಬಂದಿದ್ದ. ಹಗಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ, ರಾತ್ರಿ ಮೂರು ಗಂಟೆ ಗಿಟಾರ್ ಹಿಡಿಯುತ್ತಾನೆ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿ ಇರುತ್ತವಲ್ಲ, ಅವೇ ಫ್ರೆಟ್. ಆ ಮೂರು ಗಂಟೆ ಎಲ್ಲಿ ಹೋಗಿದೆ ಅಂತ ಅವನ ಫ್ರೆಟ್‌ಗಳೇ ಹೇಳುತ್ತವೆ. ಮೊದಲ ಫ್ರೆಟ್‌ನಲ್ಲಿ ಎರಡನೇ ತಂತಿಯ ಕೆಳಗೆ ಒಂದು ಗುಳಿ. ಎರಡನೇ ಫ್ರೆಟ್‌ನಲ್ಲಿ ಮೂರನೇ ತಂತಿಯ ಕೆಳಗೆ ಇನ್ನೊಂದು. ಉಗುರು ಆಡಿಸಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. 12ರಿಂದ 15ನೇ ಫ್ರೆಟ್‌ವರೆಗೆ ಬರೀ ಗುಳಿಯಲ್ಲ, ನೆತ್ತಿಯೇ ಚಪ್ಪಟೆಯಾಗಿದೆ. ತಂತಿ ಎಳೆದು ಬೆಂಡ್ ಮಾಡಿದರೆ ಜರ್ರ್ ಅನ್ನುತ್ತದೆ, ಅರ್ಧ ದಾರಿಯಲ್ಲೇ ಸ್ವರ ಸತ್ತು ಹೋಗುತ್ತದೆ.

ಹೊಸ ಫ್ರೆಟ್ ಹಾಕಿಸಲೇಬೇಕು. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸು ಅಂತ ನಾನೇ ಹೇಳಿ ಕಳಿಸಿದ್ದೆ. ಶನಿವಾರ ಮಂಡಿಗೆ ರಜೆ ಹಾಕಿ, ಗಿಟಾರ್ ಹೊತ್ತುಕೊಂಡು ಬೆಂಗಳೂರಿಗೆ ಹೋಗಿದ್ದಾನೆ. ಅಲ್ಲಿ ಅಂಗಡಿಯವರು ಏನು ಹೇಳಿ ಕಳಿಸಿದ್ದಾರೆ ಗೊತ್ತಾ? "ಸ್ಟೀಲ್ ಹಾಕಿದ್ರೆ ಸೌಂಡ್ ಕೆಡುತ್ತೆ. ಮಾಮೂಲಿದೇ ಹಾಕಿಸ್ಕೋ. ಎರಡು ಮೂರು ವರ್ಷ ಬಿಟ್ಟು ಮತ್ತೆ ಬಾ."

ಮತ್ತೆ ಬಾ! ಆ ಒಂದು ಮಾತು ನನಗೆ ಹತ್ತಿ ಉರಿಯುತ್ತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿ ಇರುತ್ತವಲ್ಲ, ಅವೇ ಫ್ರೆಟ್. ವೀಣೆಯ ಮೆಟ್ಟಿಲುಗಳ ಕೆಲಸವನ್ನೇ ಗಿಟಾರಿನ ಫ್ರೆಟ್‌ಗಳೂ ಮಾಡುತ್ತವೆ. ವೀಣೆಯಲ್ಲಿ ಅವನ್ನು ಮೇಣದ ಮೇಲೆ ಕೂರಿಸುತ್ತಾರೆ, ಗಿಟಾರಿನಲ್ಲಿ ಮರ ಸೀಳಿ ಬಡಿದು ಕೂರಿಸುತ್ತಾರೆ. ಮಾಮೂಲಿ ಫ್ರೆಟ್‌ನ ಲೋಹಕ್ಕೆ ನಿಕಲ್ ಸಿಲ್ವರ್ ಅನ್ನುತ್ತಾರೆ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ಸತು, ಸುಮಾರು ನೂರಕ್ಕೆ 18 ಭಾಗ ನಿಕಲ್. ಗೃಹಪ್ರವೇಶಕ್ಕೆ ಜರ್ಮನ್ ಸಿಲ್ವರ್ ಕುಂಕುಮದ ಬಟ್ಟಲು ಕೊಡುತ್ತೇವಲ್ಲ, ಅದೇ ಜಾತಿ. ನೋಡಲು ಚಂದ, ಆದರೆ ಮೆತ್ತಗಿನ ಲೋಹ. ಅದರ ಗಟ್ಟಿತನ ವಿಕರ್ಸ್ ಅಳತೆಯಲ್ಲಿ ಸುಮಾರು 200 ಇದ್ದರೆ, ಸ್ಟೇನ್‌ಲೆಸ್ ಫ್ರೆಟ್‌ನದು ಸುಮಾರು 300. ತಂತಿಯ ಉಕ್ಕು ಇವೆರಡಕ್ಕಿಂತಲೂ ಬಹಳ ಗಟ್ಟಿ. ಮೊದಲನೇ ತಂತಿ ಕಾಲು ಮಿಲಿಮೀಟರ್ ದಪ್ಪದ್ದು. ಅದನ್ನು ಬೆರಳಲ್ಲಿ ಒತ್ತಿ ಪಕ್ಕಕ್ಕೆ ಎಳೆದಾಗಲೆಲ್ಲ ಅದು ಫ್ರೆಟ್‌ನ ನೆತ್ತಿ ಮೇಲೆ ಅರದ ತರ ಉಜ್ಜುತ್ತದೆ. ಬರೀ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಹಿಡಿಯುವವರಿಗೆ ಇದು ಅಷ್ಟು ಗೊತ್ತಾಗುವುದಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲಿ ಹಾಗಲ್ಲ. ಹಾಡುವವರು ಒಂದು ಸ್ವರವನ್ನು ಹೇಗೆ ಎಳೆಯುತ್ತಾರೋ ಬಿಜಿಎಂನಲ್ಲಿ ಗಿಟಾರೂ ಹಾಗೇ ಎಳೆಯಬೇಕು. ಗಮಕ ಬಂದ ಕಡೆ ಫ್ರೆಟ್ ಸವೆಯಲೇಬೇಕು.

ನನ್ನ ಕೆಂಪು ಗಿಟಾರ್ ನಿಮಗೆಲ್ಲ ಗೊತ್ತು. ಗಣಪತಿ ಪೆಂಡಾಲಿನಿಂದ ಹಿಡಿದು ಹಾಸನಾಂಬ ಕಲಾಕ್ಷೇತ್ರದವರೆಗೆ ನನ್ನ ಜೊತೆ ಓಡಾಡಿದೆ. ಅದಕ್ಕೆ ಎರಡು ಸಲ ಮಾಮೂಲಿ ಫ್ರೆಟ್ ಹಾಕಿಸಿದ್ದೇನೆ. ಎರಡು ಸಲವೂ ಮೂರು ವಾರ ಗಿಟಾರ್ ಇಲ್ಲದೆ ಕೂತೆ. ಎರಡನೇ ಸಲ ವಾಪಸ್ ತಂದಾಗ ಫ್ರೆಟ್ ಕೂರಿಸುವ ಮರದ ಬೋರ್ಡ್ ನೋಡಿ ಹೊಟ್ಟೆ ಉರಿಯಿತು. ಹಳೆ ಫ್ರೆಟ್ ಕೀಳುವಾಗ ಪಕ್ಕದಲ್ಲಿ ಅಕ್ಕಿಕಾಳಿನ ಗಾತ್ರದ ಚಕ್ಕೆಗಳು ಎದ್ದಿದ್ದವು. ಅಲ್ಲಿಗೆ ಕಪ್ಪು ಅಂಟು ಮೆತ್ತಿ ಕೊಟ್ಟಿದ್ದರು. ಆ ಮರ ಯಾವುದು? ಬೀಟೆ! ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ತೋಟದಲ್ಲಿ ಒಂದು ಬೀಟೆ ಮರ ನಿಂತಿದ್ದರೆ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅದೇ ಮರ ಲೋಕದ ಎಷ್ಟೋ ಗಿಟಾರುಗಳ ಬೋರ್ಡ್ ಆಗಿದೆ. ಒಂದೊಂದು ಸಲ ಫ್ರೆಟ್ ಕಿತ್ತಾಗಲೂ ಅದರ ಸೀಳು ಒಂಚೂರು ಸಡಿಲವಾಗುತ್ತದೆ. ಎಷ್ಟು ಸಲ ಕೀಳಿಸಬೇಕು ಹೇಳಿ. ಮತ್ತೆ ಬಾ ಅನ್ನುವುದು ಸುಲಭ.

ಮೂರನೇ ಸಲ ಹಟ ಹಿಡಿದು ಸ್ಟೀಲ್ ಹಾಕಿಸಿದೆ. ಈಗ ಐದು ವರ್ಷ. ಮೊನ್ನೆ ತಂತಿ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಒಂದೇ ಒಂದು ಗುಳಿ ಇಲ್ಲ. ಮಳೆಗಾಲ ಕಳೆದ ಮೇಲೆ ಹಳೆ ಫ್ರೆಟ್‌ಗಳು ಮಂಕಾಗಿ, ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರುತ್ತಿತ್ತು. ಇವು ಅಡುಗೆಮನೆಯ ಲೋಟದ ತರ ಹೊಳೆಯುತ್ತಿವೆ. ಬೆಂಡ್ ಮಾಡಿದರೆ ತಂತಿ ಗಾಜಿನ ಮೇಲೆ ಜಾರಿದ ಹಾಗೆ ಹೋಗುತ್ತದೆ. ಮೊದಲ ವಾರ ಸ್ವರ ಬೇಕಾದ್ದಕ್ಕಿಂತ ಮೇಲೆ ಹೋಗುತ್ತಿತ್ತು. ಬೆರಳು ಹಳೆ ಲೆಕ್ಕದಲ್ಲೇ ಬಲ ಹಾಕುತ್ತಿತ್ತಲ್ಲ. ಆಮೇಲೆ ಸರಿಹೋಯಿತು.

ಇನ್ನು ಸೌಂಡಿನ ವಿಷಯ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಸೌಂಡ್ ಹುಟ್ಟುವುದು ಎಲ್ಲಿ? ಉಕ್ಕಿನ ತಂತಿ ಅದುರುತ್ತದೆ. ಕೆಳಗೆ ಪಿಕಪ್‌ನಲ್ಲಿರುವ ಅಯಸ್ಕಾಂತ ಮತ್ತು ಸುರುಳಿ ಆ ಅದುರುವಿಕೆಯನ್ನು ಕರೆಂಟ್ ಮಾಡುತ್ತವೆ. ಫ್ರೆಟ್ ಅಲ್ಲಿ ತಂತಿಗೆ ಒಂದು ತುದಿ ಮಾತ್ರ. ಆ ತುದಿಯ ಲೋಹ ಬದಲಾದರೆ ವ್ಯತ್ಯಾಸ ಚೂರೂ ಇಲ್ಲ ಅಂತ ನಾನು ಹೇಳುವುದಿಲ್ಲ. ಆಂಪ್ಲಿಫೈಯರ್‌ಗೆ ಹಾಕದೆ, ಸದ್ದಿಲ್ಲದ ಕೋಣೆಯಲ್ಲಿ ಕಿವಿ ಹತ್ತಿರ ಹಿಡಿದರೆ ಸ್ವಲ್ಪ ಚುರುಕಾಗಿ ಕೇಳಬಹುದು. ಆದರೆ ಟೋನ್ ನಾಬ್ ಒಂಚೂರು ತಿರುಗಿಸಿದರೆ ಆಗುವ ಬದಲಾವಣೆ ಅದಕ್ಕಿಂತ ಎಷ್ಟೋ ಜಾಸ್ತಿ. ತಂತಿ ಮೀಟುವ ಪ್ಲೆಕ್ಟ್ರಂ ಬದಲಾಯಿಸಿದರೂ ಅಷ್ಟೇ. ಹಳೆ ತಂತಿ ಬಿಚ್ಚಿ ಹೊಸದು ಹಾಕಿದರೆ ಕೇಳುವುದೇ ಬೇಡ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಸೌಂಡ್ ಬದಲಾಯಿತು ಅನ್ನುವವರು ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ? ಐದು ವರ್ಷ ಸವೆದು ಚಪ್ಪಟೆಯಾದ ಹಳೆ ಫ್ರೆಟ್ಟನ್ನು, ನೆನ್ನೆ ಕೂರಿಸಿ ಪಾಲಿಶ್ ಮಾಡಿದ ಹೊಸ ಸ್ಟೀಲ್‌ಗೆ ಹೋಲಿಸುತ್ತಿದ್ದಾರೆ. ಚಪ್ಪಟೆ ನೆತ್ತಿಯ ಮೇಲೆ ತಂತಿ ಅಗಲಕ್ಕೆ ಕೂತು ಮಂಕಾಗಿ ಕೇಳುತ್ತದೆ. ಗುಂಡಗಿನ ನೆತ್ತಿ ಸಿಕ್ಕಿದ ಕೂಡಲೇ ಸ್ವರ ಬಿಡಿಸಿಕೊಂಡು ಬರುತ್ತದೆ. ಅವತ್ತು ಹೊಸ ನಿಕಲ್ ಸಿಲ್ವರ್ ಹಾಕಿದ್ದರೂ ಸೌಂಡ್ ಬದಲಾಗಿಯೇ ಆಗುತ್ತಿತ್ತು! ಅದನ್ನೆಲ್ಲ ಸ್ಟೀಲ್ ತಲೆಗೆ ಕಟ್ಟಿದರೆ ಹೇಗೆ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಎಂಟು ವರ್ಷದ ಹಿಂದೆ ಬೇಲೂರಿನ ಒಬ್ಬ ಕೀಬೋರ್ಡ್ ಗೆಳೆಯನ ತಮ್ಮ ಇದೇ ಪ್ರಶ್ನೆ ಇಟ್ಟುಕೊಂಡು ನನ್ನ ಹತ್ತಿರ ಬಂದಿದ್ದ. "ಸ್ಟೀಲ್ ಬೇಡ ಕಣೋ, ಸೌಂಡ್ ತಗಡು ತಗಡಾಗುತ್ತೆ" ಅಂದಿದ್ದೆ. ಆಗ ನಾನು ಸ್ಟೀಲ್ ಫ್ರೆಟ್ ಇರುವ ಗಿಟಾರನ್ನು ಮುಟ್ಟಿಯೂ ಇರಲಿಲ್ಲ. ಯಾರೋ ಹೇಳಿದ್ದನ್ನು ಹಿರಿಯನ ಗತ್ತಿನಲ್ಲಿ ಹೇಳಿ ಕಳಿಸಿದ್ದೆ. ಅವನು ನನ್ನ ಮಾತು ನಂಬಿ ನಿಕಲ್ ಹಾಕಿಸಿದ. ಅದು ಸವೆದ ಮೇಲೆ ಮತ್ತೆ ದುಡ್ಡು ಹೊಂದಿಸಲಾಗದೆ ಗಿಟಾರ್ ಗೋಡೆಗೆ ನೇತು ಹಾಕಿದ. ಅದು ಈಗಲೂ ಗೋಡೆಯ ಮೇಲೇ ಇದೆ. ಅವರ ಮನೆಗೆ ಹೋದಾಗಲೆಲ್ಲ ನನಗೆ ಅದು ಕಾಣುತ್ತದೆ. ನಿನ್ನೆ ಈ ಹುಡುಗ "ಸರ್, ಅವರು ಸೌಂಡ್ ಕೆಡುತ್ತೆ ಅಂದ್ರು" ಅಂದಾಗ ಅಷ್ಟು ಕೋಪ ಬಂದಿದ್ದು ಅದಕ್ಕೇ ಇರಬೇಕು.

ಕೆಲಸ ಮಾಡುವವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಸ್ಟೀಲ್ ಅವರ ಮಾತು ಕೇಳುವುದಿಲ್ಲ. ಕತ್ತರಿಸಿದರೆ ಕಟರ್‌ನ ಬಾಯಿ ಹೋಗುತ್ತದೆ. ಬೋರ್ಡಿನ ಬಾಗಿಗೆ ಬಗ್ಗಿಸಿದರೆ ಸ್ಪ್ರಿಂಗ್ ತರ ಎದ್ದು ನಿಲ್ಲುತ್ತದೆ. ಮಾಮೂಲಿ ಅರ ಬೇಗ ಸವೆದು ಹೋಗುತ್ತದೆ, ಡೈಮಂಡ್ ಫೈಲ್ ಬೇಕು. ಪಾಲಿಶ್ ಕೈಯಾರೆ ಪೂರ್ತಿ ಮಾಡಿಯೇ ಕೊಡಬೇಕು. ನಿಕಲ್ ಆದರೆ ಉಳಿದ ಗೀರುಗಳನ್ನು ತಂತಿಯೇ ಉಜ್ಜಿ ನುಣುಪು ಮಾಡಿಕೊಳ್ಳುತ್ತದೆ, ಸ್ಟೀಲ್ ಮೇಲೆ ಬಿಟ್ಟ ಗೀರು ಹಾಗೇ ಉಳಿಯುತ್ತದೆ. ಇಷ್ಟೆಲ್ಲ ಇರುವಾಗ ಜಾಸ್ತಿ ಕೂಲಿ ಕೇಳಲಿ, ಕೊಡೋಣ. ಬೇಲೂರಿನ ಶಿಲ್ಪಿಗಳಿಗೂ ಕೆತ್ತಲು ಮೆತ್ತಗಿನ ಬಳಪದ ಕಲ್ಲೇ ಬೇಕಿತ್ತು. ಆದರೆ ಆ ಕಲ್ಲು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಒಂಬೈನೂರು ವರ್ಷದ ಮೇಲೂ ಮದನಿಕೆಯ ಕೈಬಳೆ ಎಣಿಸಬಹುದು. ನಿಕಲ್ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ ಅಷ್ಟೇ. "ನನ್ನ ಹತ್ತಿರ ಅದಕ್ಕೆ ಬೇಕಾದ ಸಾಮಾನಿಲ್ಲ" ಅಂತ ನೇರವಾಗಿ ಹೇಳಿದ್ದರೆ ಕೈಮುಗಿದು ಬರುತ್ತಿದ್ದೆವು. ಸೌಂಡಿನ ಮೇಲೆ ಯಾಕೆ ಹಾಕಬೇಕು?

ಇದೇನು ನಿನ್ನೆ ಮೊನ್ನೆ ಬಂದ ಹೊಸ ಹುಚ್ಚೂ ಅಲ್ಲ. ಅಮೆರಿಕದ ಪಾರ್ಕರ್ ಫ್ಲೈ ಗಿಟಾರ್ 1993ರಲ್ಲೇ ಸ್ಟೇನ್‌ಲೆಸ್ ಫ್ರೆಟ್ ಹಾಕಿಕೊಂಡು ಬಂತು. ಮೂವತ್ತು ವರ್ಷದ ಮೇಲಾಯಿತು. ಈಗ ಎಷ್ಟೋ ಕಂಪನಿಗಳು ಫ್ಯಾಕ್ಟರಿಯಿಂದಲೇ ಹಾಕಿ ಕಳಿಸುತ್ತವೆ. ಸ್ಟೀಲ್ ಬೇಡ ಅನ್ನುವವರಿಗೆ ಇವೋ (EVO) ಅನ್ನುವ ಹೆಸರಿನ ಹೊಂಬಣ್ಣದ ಇನ್ನೊಂದು ಲೋಹವೂ ಇದೆ, ನಿಕಲ್‌ಗಿಂತ ಗಟ್ಟಿ, ಸ್ಟೀಲ್‌ಗಿಂತ ಮೆತ್ತಗೆ. ಅದನ್ನೂ ಆ ಹುಡುಗನಿಗೆ ಯಾರೂ ಹೇಳಿಲ್ಲ.

ಸ್ಟೀಲ್ ಮೇಲೆ ತಂತಿ ಬೇಗ ಹೋಗುತ್ತದೆ ಅನ್ನುವವರೂ ಇದ್ದಾರೆ. ಆಷಾಢದ ಮಳೆಯಲ್ಲಿ ನಮ್ಮ ಕಡೆ ತಂತಿ ಎಷ್ಟು ದಿನ ತಾಳುತ್ತದೆ ಅಂತ ಸಕಲೇಶಪುರದವರನ್ನು ಕೇಳಿ. ಸವೆಯುವ ಮೊದಲೇ ತುಕ್ಕು ಹಿಡಿದಿರುತ್ತದೆ.

ಬೆಂಗಳೂರಿನವರಿಗೆ ಬೇಕಾದರೆ ಸಂಜೆ ಸ್ಕೂಟರ್ ಹತ್ತಿ ಅಂಗಡಿಗೆ ಹೋಗಿ ಬರಬಹುದು. ನಮಗೆ ಹೋಗಿ ಬರುವುದೇ ಒಂದು ದಿನದ ದುಡಿಮೆ, ಬಿಟ್ಟು ಬರಲು ಒಂದು ಸಲ, ತರಲು ಇನ್ನೊಂದು ಸಲ. ಅದಕ್ಕೇ ಕೇಳುತ್ತಿದ್ದೇನೆ. ಹಾಸನ, ಚಿಕ್ಕಮಗಳೂರು, ಮೈಸೂರು ಕಡೆ ಸ್ಟೀಲ್ ಫ್ರೆಟ್ ಕೂರಿಸಿ ಕೈ ಪಳಗಿದವರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಹುಡುಗನ ಗಿಟಾರ್ 22 ಫ್ರೆಟ್‌ನದು, ಬೀಟೆ ಬೋರ್ಡ್, ಬೋರ್ಡಿನ ಬಾಗು (ರೇಡಿಯಸ್) 12 ಇಂಚು. ಮೊದಲಿದ್ದ ಅಗಲದ ಫ್ರೆಟ್ ವೈರೇ ಆದರೆ ಒಳ್ಳೆಯದು. ಕೂಲಿ ಎಷ್ಟಾದರೂ ಅರ್ಧ ನಾನು ಹಾಕುತ್ತೇನೆ. ದೀಪಾವಳಿಗೆ ಅರಸೀಕೆರೆಯಲ್ಲಿ ಅವನ ಮೊದಲ ಕಾರ್ಯಕ್ರಮ ಇದೆ. ಅಷ್ಟರೊಳಗೆ ಆಗಬೇಕು.